ತಕ್ಕಡಿ ಅವರದು, ತೂಕದ ಕಲ್ಲು ನಾವು



ಭಾರತ ಯಾರ ಬಾಲವೂ ಅಲ್ಲ, ಎಲ್ಲರ ಗೆಳೆಯ ಎಂದು ದಿಲ್ಲಿಯ ದೊರೆಗಳು ಎದೆಯುಬ್ಬಿಸುತ್ತಾರೆ. 1971ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಸ್ನೇಹ ಒಪ್ಪಂದ. 2016ರಲ್ಲಿ ಅಮೆರಿಕದ ಸೇನೆಗೆ ನಮ್ಮ ನೆಲೆಗಳಲ್ಲಿ ಇಂಧನ, ದುರಸ್ತಿ. ಅವರ ನೆಲೆಗಳಲ್ಲಿ ನಮಗೆ. 2018ರಲ್ಲಿ ರಷ್ಯಾದ ಎಸ್-400 ಕ್ಷಿಪಣಿಗಳಿಗೆ 500 ಕೋಟಿ ಡಾಲರಿಗೂ ಮೇಲೆ. 2025ರ ಅಕ್ಟೋಬರಿನಲ್ಲಿ ಅಮೆರಿಕದ ಜೊತೆ 10 ವರ್ಷದ ರಕ್ಷಣಾ ಒಪ್ಪಂದ. ಡಿಸೆಂಬರಿನಲ್ಲಿ ಪುಟಿನ್‌ಗೆ ದಿಲ್ಲಿಯಲ್ಲಿ ರತ್ನಗಂಬಳಿ.

ಅಮೆರಿಕದ ಕಾಲಿಗೆ ಬೀಳಿ ಅಂತ ನಾವು ಹೇಳುತ್ತಿಲ್ಲ. ರಷ್ಯಾದ ಭಜನೆ ಮಾಡಿ ಅಂತಲೂ ಅಲ್ಲ. ಯಾರ ಜೀತಕ್ಕೂ ಬೀಳದೆ ಇರೋದು ಒಳ್ಳೇದೇ. ಜೀತ ಅಂದ್ರೆ ಏನು ಅಂತ ನಮಗಿಂತ ಬಲ್ಲವರು ಯಾರು? ನಮ್ಮ ಪ್ರಶ್ನೆ ಬೇರೆ. ಈ ಸಮತೋಲನದ ಲಾಭ ಯಾರ ಬಂಗಲೆಗೆ, ನಷ್ಟ ಯಾರ ಗುಡಿಸಲಿಗೆ?

2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ ಅಗ್ಗದ ರಷ್ಯಾ ಎಣ್ಣೆ ಹರಿದು ಬಂತು. ಶುದ್ಧೀಕರಣ ಕಂಪನಿಗಳು ಹೊಟ್ಟೆ ತುಂಬಾ ಲಾಭ ಉಂಡವು. ಪೆಟ್ರೋಲ್ ಬಂಕಿನಲ್ಲಿ ಕಂಪನಿಗಳು ಇಳಿಸಿದ್ದೆಷ್ಟು? 2024ರ ಮಾರ್ಚಿನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಲೀಟರಿಗೆ 2 ರೂಪಾಯಿ.

2025ರ ಆಗಸ್ಟಿನಲ್ಲಿ ಅದೇ ಎಣ್ಣೆಯ ನೆಪ ಹೇಳಿ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇಕಡ 50ಕ್ಕೆ ಏರಿಸಿತು. ಪೆಟ್ರೋಲಿಯಂ ಸರಕಿಗೆ ವಿನಾಯಿತಿ! ಏಟು ಬಿದ್ದದ್ದು ಕಾನ್ಪುರ, ಆಗ್ರಾ, ಆಂಬೂರಿನ ಚರ್ಮದ ಕೆಲಸಕ್ಕೆ. ಅಲ್ಲಿ ತೊಗಲು ಹದ ಮಾಡುವ, ಬೂಟು ಹೊಲಿಯುವ ಕೈಗಳು ಯಾರವು? ಹೆಚ್ಚಾಗಿ ನಮ್ಮವರವು, ಮುಸಲ್ಮಾನರವು. ಆಮೇಲೆ ಸುಂಕ ಏರಲಿ ಇಳಿಯಲಿ, ಕಳೆದುಹೋದ ಕೂಲಿಯನ್ನು ಕಟ್ಟಿಕೊಡುವವರು ಯಾರೂ ಇಲ್ಲ.

ಇನ್ನೊಂದು ಕೇಳಿ. ಭದ್ರತಾ ಸಹಾಯಕನ ಕೆಲಸ ಅಂತ ದಲ್ಲಾಳಿಗಳು ನಂಬಿಸಿ ರಷ್ಯಾಕ್ಕೆ ಸಾಗಿಸಿದ ಹುಡುಗರನ್ನು ಯುದ್ಧಕ್ಕೆ ನೂಕಿದರು. ನಮ್ಮ ಕಲಬುರಗಿ ಜಿಲ್ಲೆಯವರೂ ಇದ್ದರು. 2024ರ ಜುಲೈನಲ್ಲಿ ಪ್ರಧಾನಿ ಮಾಸ್ಕೋದಲ್ಲಿ ಈ ಮಾತೆತ್ತುವ ಹೊತ್ತಿಗೆ ಕೆಲವರು ಹೆಣವಾಗಿದ್ದರು. ದೇಶಗಳ ದೋಸ್ತಿ ಬಡವರ ಮಕ್ಕಳನ್ನು ಕಾಯಲಿಲ್ಲ.

ವಿದೇಶಾಂಗ ನೀತಿ ಹಾಸ್ಟೆಲ್ ಹುಡುಗರಿಗ್ಯಾಕೆ ಅನ್ನಬೇಡಿ. 1951ರಲ್ಲಿ ಬಾಬಾಸಾಹೇಬರು ಮಂತ್ರಿಗಿರಿ ಬಿಟ್ಟಾಗ ಅದನ್ನೂ ಒಂದು ಕಾರಣವಾಗಿ ಹೇಳಿದರು. ವರ್ಷದ 350 ಕೋಟಿ ವರಮಾನದಲ್ಲಿ ಸುಮಾರು 180 ಕೋಟಿ ಸೈನ್ಯಕ್ಕೇ ಹೋಗುತ್ತಿದೆ ಎಂದು ಲೆಕ್ಕ ಇಟ್ಟರು.

ಆ ಲೆಕ್ಕ ಕೇಳುವ ಕೆಲಸ ಈಗ ನಮ್ಮದು. ಕ್ಷಿಪಣಿಗೆ ಎಷ್ಟು, ವಿದ್ಯಾರ್ಥಿವೇತನಕ್ಕೆ ಎಷ್ಟು? ಎಣ್ಣೆಯ ಲಾಭ ಯಾರಿಗೆ, ಸುಂಕದ ಬರೆ ಯಾರಿಗೆ? ಹೊರಗೆ ಎರಡು ತಟ್ಟೆ ಸಮ ಮಾಡುವವರು ಒಳಗೆ ಕೇರಿಯನ್ನೂ ಊರನ್ನೂ ಸಮ ಮಾಡಲಿ. ಅಲ್ಲಿವರೆಗೆ ಅವರ ಸಮತೋಲನವನ್ನು ನಾವು ನಂಬೋದಿಲ್ಲ.