ಮೊದಲ ಇಂಗ್ಲಿಷ್ ಪಾಠ ಎಲ್ಲಿಂದ ಶುರುವಾಗಬೇಕು?

"ಇವ ನಮ್ಮಣ್ಣ" ಎಂಬುದು ಕನ್ನಡದಲ್ಲಿ ಪೂರ್ಣ ವಾಕ್ಯ. ಇದಕ್ಕೆ ಕ್ರಿಯಾಪದ ಬೇಕಿಲ್ಲ. ತುಂಗಭದ್ರೆಯ ದಂಡೆಯ ದಢೇಸುಗೂರಿನಂಥ ಊರಿನ ಮಗುವಿಗೆ ಇದನ್ನೇ ಇಂಗ್ಲಿಷಿನಲ್ಲಿ ಹೇಳು ಎಂದರೆ ಅದು "ಹಿ ಮೈ ಬ್ರದರ್" ಎನ್ನುತ್ತದೆ. ನೋಟ್‌ಬುಕ್ಕಿನಲ್ಲಿ ಕೆಂಪು ಗೀಟು ಬೀಳುತ್ತದೆ, "ಈಸ್" ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಮಗು ತನ್ನ ಭಾಷೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದೇ ಆ ತಪ್ಪಿಗೆ ಕಾರಣ. ಹಾಗಿರುವಾಗ ಹೊಸಬರಿಗೆ ಕಲಿಸುವ ಇಂಗ್ಲಿಷ್ ವ್ಯಾಕರಣ ಜಗತ್ತಿಗೆಲ್ಲ ಒಂದೇ ಆಗಿರಬೇಕೋ, ಕಲಿಯುವವರ ಮನೆಮಾತನ್ನು ನೋಡಿಕೊಂಡು ಬದಲಾಗಬೇಕೋ?

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿಕೊಂಡವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಫ್ರೈಸ್ ಮತ್ತು ರಾಬರ್ಟ್ ಲಾಡೊ. ಸ್ಪ್ಯಾನಿಷ್ ಮೂಲದ ಕುಟುಂಬದಲ್ಲಿ ಹುಟ್ಟಿದ ಲಾಡೊ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಲಿಯುವವರು ಎಲ್ಲಿ ಎಡವುತ್ತಾರೆಂದು ಮೊದಲೇ ಹೇಳಬಹುದು ಎಂದು ವಾದಿಸಿದರು. ಮೇಲಿನ ವಾಕ್ಯವನ್ನೇ ಸ್ಪ್ಯಾನಿಷ್ ಮಾತಾಡುವ ಮಗುವಿಗೆ ಕೊಟ್ಟರೆ ಅದು "ಈಸ್ ಮೈ ಬ್ರದರ್" ಎನ್ನುವುದು ಸಹಜ. ಅದರ ಭಾಷೆಯಲ್ಲಿ ಕ್ರಿಯಾಪದ ಬೇಕೇ ಬೇಕು, ಸರ್ವನಾಮವನ್ನು ಬಿಡಬಹುದು. ದಢೇಸುಗೂರಿನ ಮಗು ನಡುವಿನ ಪದ ಬಿಟ್ಟರೆ ಸ್ಪ್ಯಾನಿಷ್ ಮಗು ಮೊದಲಿನ ಪದ ಬಿಡುತ್ತದೆ. ಇಬ್ಬರಿಗೂ ಒಂದೇ ಪುಸ್ತಕ ಕೊಟ್ಟರೆ ಪ್ರತಿಯೊಬ್ಬರೂ ತಮಗೆ ಬೇಡದ ಪಾಠವನ್ನು ಅರ್ಧ ಹೊತ್ತು ಓದಿ, ಬೇಕಾದದ್ದನ್ನು ಅವಸರದಲ್ಲಿ ದಾಟುತ್ತಾರೆ.

ಬೇಡದ ಪಾಠ ಯಾವುದೆಂದು ತಿಳಿಯುವುದೂ ಮುಖ್ಯ. ಸ್ಪ್ಯಾನಿಷಿನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ವಸ್ತುವನ್ನು "ಇಟ್" ಎನ್ನಲು ಅಲ್ಲಿನ ಮಗು ಹೊಸ ಅಭ್ಯಾಸ ಮಾಡಿಕೊಳ್ಳಬೇಕು. ಕನ್ನಡದ ಅವನು, ಅವಳು, ಅದು ಎಂಬ ಮೂರು ಪದ ಇಂಗ್ಲಿಷಿನ ಹಿ, ಶಿ, ಇಟ್‌ಗೆ ಬಹುಮಟ್ಟಿಗೆ ನೇರವಾಗಿ ಹೊಂದುತ್ತವೆ. ತೊಡಕಿರುವುದು "ಅವರು" ಎಂಬಲ್ಲಿ. ಶಿಕ್ಷಕರನ್ನು ಗೌರವದಿಂದ "ಅವರು" ಎನ್ನುವ ಮಗು ಇಂಗ್ಲಿಷಿನಲ್ಲಿ "ದೇ" ಎಂದುಬಿಡುತ್ತದೆ. ಒಬ್ಬರೇ ಆದರೆ "ಹಿ" ಅಥವಾ "ಶಿ" ಎನ್ನಬೇಕು, ಹಾಗೆಂದರೆ ಅಗೌರವವಲ್ಲ ಎಂದು ಬಿಡಿಸಿ ಹೇಳಬೇಕು. ಹಿರಿಯರನ್ನು ಏಕವಚನದಲ್ಲಿ ಕರೆಯಲು ನಾಲಿಗೆ ಹಿಂಜರಿಯುವುದು ಸಂಸ್ಕಾರ. ಅದನ್ನು ದಡ್ಡತನವೆಂದು ಬಗೆಯುವುದು ಅನ್ಯಾಯ.

ಹೆಚ್ಚು ಹೊತ್ತು ಕೊಡಬೇಕಾದದ್ದು ವಿಭಕ್ತಿಗೆ ಮತ್ತು ಪದಗಳ ಕ್ರಮಕ್ಕೆ. "ನಮ್ಮಪ್ಪ ಹೊಲಕ್ಕ ಹೋದ" ಎಂಬಲ್ಲಿ "ಕ್ಕ" ಹೊಲದ ಹಿಂದೆ ಅಂಟಿದೆ. ಇಂಗ್ಲಿಷಿನಲ್ಲಿ ಅದೇ ಕೆಲಸದ "ಟು" ಹೊಲದ ಮುಂದೆ ಬಂದು ನಿಲ್ಲುತ್ತದೆ. ಕೊನೆಯಲ್ಲಿದ್ದ "ಹೋದ" ಅಪ್ಪನ ಪಕ್ಕಕ್ಕೆ ಸರಿಯುತ್ತದೆ. ಪ್ರಶ್ನೆಯಲ್ಲೂ ಹೀಗೆಯೇ: "ನೀ ಹೊಲಕ್ಕ ಹೋಗ್ತಿಯಾ?" ಎಂಬ ಪ್ರಶ್ನೆಯ ಗುರುತು ನಮ್ಮಲ್ಲಿ ವಾಕ್ಯದ ಬಾಲದಲ್ಲಿದೆ, ಇಂಗ್ಲಿಷಿನಲ್ಲಿ "ಡು" ಎಂಬ ರೂಪದಲ್ಲಿ ತಲೆಯಲ್ಲಿದೆ. ಹಲಗೆಯ ಮೇಲೆ ಎರಡೂ ವಾಕ್ಯ ಒಂದರ ಕೆಳಗೊಂದು ಬರೆದು, ಯಾವುದು ಎಲ್ಲಿಗೆ ಹೋಯಿತೆಂದು ಗೆರೆ ಎಳೆದು ತೋರಿಸಿದರೆ ನಾಲ್ಕನೇ ತರಗತಿಯ ಮಗುವಿಗೂ ಕಣ್ಣಿಗೆ ಕಾಣುತ್ತದೆ. ಚತುರ್ಥಿಯ "ನನಗ" ಇನ್ನೂ ಸೂಕ್ಷ್ಮ. "ನನಗ ಇಬ್ಬರು ತಂಗ್ಯಾರು ಅದಾರ", "ನನಗ ಹಸಿವಾಗೇದ", "ನನಗ ಹತ್ತು ವರ್ಷ": ಮೂರರಲ್ಲೂ "ನನಗ" ಇದೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ "ಐ ಹ್ಯಾವ್", ಉಳಿದೆರಡಕ್ಕೆ "ಐ ಆಮ್". ಸ್ಪ್ಯಾನಿಷಿನವರಂತೂ ಹಸಿವನ್ನೂ ವಯಸ್ಸನ್ನೂ ತಂಗಿಯರಂತೆಯೇ "ಹೊಂದಿದ್ದಾರೆ". ಯಾವ ಭಾಷೆಯೂ ಇಲ್ಲಿ ತರ್ಕದಿಂದ ನಡೆದಿಲ್ಲ, ರೂಢಿಯಿಂದ ನಡೆದಿದೆ. ಇದನ್ನು ಮಗುವಿಗೆ ನೇರವಾಗಿ ಹೇಳಿದರೆ ಅದರ ಅರ್ಧ ಭಯ ಹೋಗುತ್ತದೆ.

ಪದಸಂಪತ್ತಿನಲ್ಲಿ ಸ್ಪ್ಯಾನಿಷ್ ಮಾತಿನವರಿಗೆ ದೊಡ್ಡ ಅನುಕೂಲವಿದೆ. ಲ್ಯಾಟಿನ್ನಿನಿಂದ ಬಂದ ಸಾವಿರಾರು ಪದಗಳು ಎರಡೂ ಭಾಷೆಗಳಲ್ಲಿ ಹೆಚ್ಚುಕಡಿಮೆ ಒಂದೇ ರೂಪದಲ್ಲಿವೆ. ದಢೇಸುಗೂರಿರುವ ಸಿಂಧನೂರು ಸೀಮೆಯ ಮಗುವಿಗೆ ಅಂಥ ನಂಟಿಲ್ಲದಿದ್ದರೂ ಬಳುವಳಿ ಇದೆ: ಟ್ರ್ಯಾಕ್ಟರ್, ಮೋಟಾರ್, ಸ್ಟಾರ್ಟರ್, ಗೇಟ್, ಡ್ಯಾಮ್, ರೈಸ್ ಮಿಲ್, ಲೋನ್, ಬಿಲ್. ಮೊದಲ ಪಾಠಕ್ಕೆ ಆಪಲ್, ಬಾಲ್‌ಗಿಂತ ಇವು ಎಷ್ಟೋ ಮೇಲು, ಏಕೆಂದರೆ ಇವುಗಳ ಅರ್ಥ ಕಲಿಸಬೇಕಾಗಿಲ್ಲ. ಮೋಸದ ಪದಗಳನ್ನು ಮಾತ್ರ ಬೇರೆ ಇಡಬೇಕು. ಸ್ಪ್ಯಾನಿಷಿನ "ಲಿಬ್ರೆರಿಯಾ" ಗ್ರಂಥಾಲಯವಲ್ಲ, ಪುಸ್ತಕದಂಗಡಿ. ಹಾಗೆಯೇ ನಮ್ಮ "ಹೋಟೆಲ್" ಎಂದರೆ ಇಡ್ಲಿ, ಮಿರ್ಚಿ ಸಿಗುವ ಜಾಗ. ಇಂಗ್ಲಿಷಿನಲ್ಲಿ ಅದು ಉಳಿದುಕೊಳ್ಳುವ ಜಾಗ. "ಕ್ಯಾಂಪ್" ಎಂದರೆ ಇಲ್ಲಿ ತಲೆಮಾರುಗಳಿಂದ ಜನ ಮನೆ ಕಟ್ಟಿಕೊಂಡಿರುವ ಊರು. ಇಂಗ್ಲಿಷಿನಲ್ಲಿ ಡೇರೆ ಹಾಕಿ ನಾಲ್ಕು ದಿನ ತಂಗುವ ತಾಣ. ಉಚ್ಚಾರಣೆಯಲ್ಲಿ ಮಾತ್ರ ಇಬ್ಬರೂ ಒಂದೇ ದಾರಿಯವರು: ಹಳ್ಳಿಯ ಕನ್ನಡಿಗರು "ಇಸ್ಕೂಲ್" ಎಂದರೆ ಸ್ಪ್ಯಾನಿಷಿನವರು "ಎಸ್ಕೂಲ್" ಎನ್ನುತ್ತಾರೆ.

ಮನೆಮಾತು ಎಂದೊಡನೆ ಕನ್ನಡ ಎಂದುಕೊಳ್ಳುವುದು ಈ ಸೀಮೆಯಲ್ಲಿ ಪೂರ್ತಿ ಸರಿಯಾಗದು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ನೆಲೆಸಿದ ತೆಲುಗರ ಕ್ಯಾಂಪುಗಳಿವೆ, ಪೂರ್ವ ಬಂಗಾಳದಿಂದ ಬಂದವರ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಿವೆ, ಲಂಬಾಣಿ ತಾಂಡಾಗಳಿವೆ, ಉರ್ದು ಮಾತಿನ ಮನೆಗಳಿವೆ. ಬಂಗಾಳಿಯ ಸರ್ವನಾಮದಲ್ಲಿ ಗಂಡು ಹೆಣ್ಣಿನ ಭೇದವೇ ಇಲ್ಲ. ಕನ್ನಡದ ಮಗುವಿಗೆ ಹಗುರವಾದ ಹಿ, ಶಿ ಪಾಠ ಬಂಗಾಳಿ ಮಗುವಿಗೆ ತೊಡಕು. ಉರ್ದುವಿನಲ್ಲಿ ಸ್ಪ್ಯಾನಿಷಿನಂತೆ ವಸ್ತುಗಳಿಗೂ ಲಿಂಗವಿದೆ. ಒಂದೇ ಬೆಂಚಿನ ಮೇಲೆ ಕೂತ ಮೂವರ ತಪ್ಪುಗಳು ಮೂರು ಬಗೆಯವಾದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಶಿಕ್ಷಕರು ನಾಲ್ಕು ಭಾಷೆ ಕಲಿಯಬೇಕಿಲ್ಲ. ಆ ಭಾಷೆಗಳ ಮಕ್ಕಳು ಎಡವುವ ಇಂಥ ನಾಲ್ಕೈದು ಜಾಗಗಳು ಯಾವುವೆಂದು ತಿಳಿದಿದ್ದರೆ ಸಾಕು.

ಇದಕ್ಕೆ ಎದುರು ವಾದಗಳಿವೆ, ಅವು ಹಗುರವಾದವೂ ಅಲ್ಲ. ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಸಬೇಕೆಂಬುದು ಒಂದು. ತರಗತಿಯ ಹೊರಗೂ ಇಂಗ್ಲಿಷ್ ಕಿವಿಗೆ ಬೀಳುವಲ್ಲಿ ಇದು ನಡೆಯುತ್ತದೆ. ದಢೇಸುಗೂರಿನಲ್ಲಿ ಶಾಲೆಯ ಗಂಟೆ ಹೊಡೆದ ಮೇಲೆ ಮಗುವಿಗೆ ಇಂಗ್ಲಿಷ್ ಕಾಣಸಿಗುವುದು ಗೊಬ್ಬರದ ಚೀಲದ ಮೇಲೆ, ಮೊಬೈಲಿನಲ್ಲಿ. ಎರಡನೆಯದು ನಮ್ಮ ರಾಜ್ಯದಲ್ಲೇ ಪ್ರಯೋಗವಾದದ್ದು: 1979ರಿಂದ 1984ರವರೆಗೆ ಎನ್.ಎಸ್. ಪ್ರಭು ನಡೆಸಿ, ಜಗತ್ತಿನಾದ್ಯಂತ ಬೆಂಗಳೂರು ಯೋಜನೆ ಎಂದು ಹೆಸರಾದ ಕಾರ್ಯಕ್ರಮ. ವ್ಯಾಕರಣವನ್ನು ಪಾಠವಾಗಿ ಹೇಳದೆ, ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಸಮಸ್ಯೆ ಬಿಡಿಸಲು ಹಚ್ಚಿದರೆ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅದರ ನಂಬಿಕೆ. ಆ ಅಭ್ಯಾಸದ ಬೆಲೆ ದೊಡ್ಡದು. ಆದರೆ ಅದಕ್ಕೆ ಇಂಗ್ಲಿಷನ್ನು ಸರಾಗವಾಗಿ, ಸರಳವಾಗಿ ಆಡಬಲ್ಲ ಶಿಕ್ಷಕರು ಬೇಕು. ತಾವೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಶಿಕ್ಷಕರ ಕೈಯಲ್ಲಿರುವ ಗಟ್ಟಿ ಆಯುಧ ಕನ್ನಡವೇ. ಮೂರನೆಯ ಆಕ್ಷೇಪವನ್ನು ಒಪ್ಪಲೇಬೇಕು: ಎಲ್ಲ ತಪ್ಪುಗಳೂ ಮನೆಮಾತಿನಿಂದ ಬರುವುದಿಲ್ಲ. "ಹಿ ಗೋ" ಎಂದು ಕೊನೆಯ "ಸ್" ಸದ್ದು ಬಿಡುವುದು ಎಲ್ಲ ದೇಶದ ಹೊಸಬರೂ ಮಾಡುವ ತಪ್ಪು, ಇಂಗ್ಲಿಷ್ ಮನೆಮಾತಿನ ಕೂಸುಗಳೂ ಮಾಡುತ್ತವೆ. ಅದಕ್ಕೆ ಹೋಲಿಕೆ ಬೇಡ, ಅಭ್ಯಾಸ ಬೇಕು.

ತಿಳಿದ ಭಾಷೆಯಿಂದ ತಿಳಿಯದ ಭಾಷೆಗೆ ಹೋಗುವುದು ಕನ್ನಡದ ಇತಿಹಾಸಕ್ಕೆ ಹೊಸದಲ್ಲ. ಸಂಸ್ಕೃತ ಬಲ್ಲವರಿಗಾಗಿ ನಾಗವರ್ಮ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದ. ಭಟ್ಟಾಕಲಂಕ 1604ರಲ್ಲಿ ಅದೇ ದಾರಿ ಹಿಡಿದ. ಇಂಗ್ಲಿಷರಿಗೆ ಕನ್ನಡ ಕಲಿಸಲು ವಿಲಿಯಂ ಕೇರಿ 1817ರಲ್ಲಿ ಬರೆದ ವ್ಯಾಕರಣ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷ್ ದೊರೆಗಳಿಗೆ ಅವರ ಮಾತಿನಲ್ಲೇ ಕನ್ನಡ ಕಲಿಯುವ ಅನುಕೂಲವಿದ್ದಾಗ, ಕನ್ನಡದ ಮಗುವಿಗೆ ತನ್ನ ಮಾತಿನಲ್ಲಿ ಇಂಗ್ಲಿಷ್ ಕಲಿಯಬೇಡ ಎನ್ನಲು ಕಾರಣವಿಲ್ಲ.

ಕರ್ನಾಟಕದಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಬೇಕಾಗಿರುವುದು ಈ ಸೀಮೆಯ ಮಕ್ಕಳು ಎಡವುವ ಜಾಗಗಳನ್ನು ಕನ್ನಡದಲ್ಲಿ ತೋರಿಸುವ ಶಿಕ್ಷಕರ ಕೈಪಿಡಿ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಶಿಕ್ಷಕರು ಮಕ್ಕಳ ನೋಟ್‌ಬುಕ್ಕಿನ ತಪ್ಪುಗಳನ್ನು, ಪಕ್ಕದಲ್ಲಿ ಆ ಮಗುವಿನ ಮನೆಮಾತನ್ನೂ ಸೇರಿಸಿ, ಒಂದು ವರ್ಷ ಬರೆದಿಟ್ಟರೆ ಅದರ ಅರ್ಧ ಕೆಲಸ ಮುಗಿದಂತೆ. ದಯವಿಟ್ಟು ಬರೆದಿಡಲಿ.