ಸೂಜಿಯ ಪಾಪ, ಹಾಲಿನ ತಲೆಗೆ

“ಹಸುವಿಗೆ ಇಂಜೆಕ್ಷನ್ ಚುಚ್ಚಿ ಹಾಲು ಕರೀತಾರಂತೆ ಮೇಡಂ, ಅದಕ್ಕೇ ಈಗಿನ ಹೆಣ್ಣುಮಕ್ಕಳು ಇಷ್ಟು ಬೇಗ ದೊಡ್ಡವರಾಗೋದು.” ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂದು ಶಾಲೆಯಲ್ಲಿ ಹಾಲು ಕೊಡತೊಡಗಿದ ಮೇಲೆ, ಮಗಳಿಗೆ ಬೇಡ ಎಂದು ಹೇಳಿಕಳಿಸಿದ ತಾಯಂದಿರನ್ನೂ ಕಂಡಿದ್ದೇನೆ. ಮಗ ಮಾತ್ರ ಕುಡಿಯಬಹುದಂತೆ! ಇದೆಂಥ ನ್ಯಾಯ, ನೀವೇ ಹೇಳಿ.

ಆ ಇಂಜೆಕ್ಷನ್ನಿನ ಹೆಸರು ಆಕ್ಸಿಟೋಸಿನ್. ಅದು ಹಸುವಿನ ಮೈಯಲ್ಲೂ ಇದೆ, ನಮ್ಮ ಮೈಯಲ್ಲೂ ಇದೆ. ಕರು ಕೆಚ್ಚಲಿಗೆ ಗುದ್ದಿದಾಗ ತಾಯಿಯ ಮಿದುಳಿನಿಂದ ಇದು ರಕ್ತಕ್ಕೆ ಬಂದು ಹಾಲನ್ನು ಇಳಿಸುತ್ತದೆ. ಹಸಿದ ಕೂಸು ಅತ್ತರೆ ಬಾಣಂತಿಯ ಎದೆ ಒದ್ದೆಯಾಗುವುದೂ ಇದರಿಂದಲೇ. ಕೆಲವೇ ನಿಮಿಷಗಳಲ್ಲಿ ಅದರ ಪ್ರಭಾವ ಮುಗಿಯುತ್ತದೆ. ಹಾಲಿನೊಂದಿಗೆ ಹೊಟ್ಟೆಗೆ ಹೋದರೂ ಬೇಳೆಯ ಪ್ರೋಟೀನಿನಂತೆ ಅಲ್ಲೇ ಜೀರ್ಣವಾಗುತ್ತದೆ. ಹುಡುಗಿಯರನ್ನು ಋತುಮತಿಯರನ್ನಾಗಿಸುವ ಹಾರ್ಮೋನುಗಳೇ ಬೇರೆ. ಬೆಳೆಯುವ ಹೆಣ್ಣುಮಗುವಿನ ಲೋಟ ಕಿತ್ತುಕೊಳ್ಳಲು ಇದು ಕಾರಣವಾಗಲಾರದು.

ಹಾಗಾದರೆ ಚುಚ್ಚಲಿ ಬಿಡಿ ಎನ್ನುತ್ತೇನೆಯೇ? ಖಂಡಿತ ಇಲ್ಲ. ಪಾಪ ನಡೆಯುತ್ತಿರುವುದು ಹಸುವಿನ ಮೇಲೆ. ಈ ಔಷಧ ಗರ್ಭಕೋಶವನ್ನೂ ಹಿಂಡುತ್ತದೆ. ದಿನಕ್ಕೆರಡು ಬಾರಿ ಚುಚ್ಚಿಸಿಕೊಂಡ ಹಸು ಕ್ರಮೇಣ ಸೂಜಿಯಿಲ್ಲದೆ ಹಾಲಿಳಿಸುವುದನ್ನೇ ಬಿಡುತ್ತದೆ. ಹೆಚ್ಚು ಹಾಲಿನ ಆಸೆಗೆ ದನದ ಆರೋಗ್ಯ ಕೆಡಿಸುವ ಇಂಥ ಇಂಜೆಕ್ಷನ್ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೇ ಕಲಮಿನಂತೆ ಅಪರಾಧ.

ಸರ್ಕಾರ ಮಾಡಿದ್ದೇನು? 2018ರಲ್ಲಿ ಖಾಸಗಿ ಕಂಪನಿಗಳು ದೇಶದ ಬಳಕೆಗೆ ಈ ಔಷಧ ತಯಾರಿಸುವುದನ್ನೇ ನಿಷೇಧಿಸಿ, ಬೆಂಗಳೂರಿನ ಒಂದೇ ಒಂದು ಸರ್ಕಾರಿ ಕಾರ್ಖಾನೆಗೆ ಬಿಟ್ಟಿತು. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಿಸಿ ತಾಯಂದಿರ ಜೀವ ಉಳಿಸುವುದೂ ಇದೇ ಔಷಧ. ಹಸುವಿನ ಹೆಸರಿನಲ್ಲಿ ಬಾಣಂತಿಯ ಪ್ರಾಣಕ್ಕೆ ಕುತ್ತು! ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. ಕೊಟ್ಟಿಗೆಯಲ್ಲಿ ಹಿಡಿಯಬೇಕಾದ ಕಳ್ಳನನ್ನು ಹೆರಿಗೆ ವಾರ್ಡಿನಲ್ಲಿ ಹುಡುಕಿದರೆ ಸಿಗುವನೇ?

ಸೂಜಿ ಯಾಕೆ ಬೇಕಾಯಿತು ಎಂಬುದನ್ನು ಕೇಳಬೇಕು. ಗಂಡುಕರು ಹುಟ್ಟಿದರೆ ಅದಕ್ಕೆ ಹಾಲು ದಂಡ ಎಂದು ಹೊಟ್ಟೆಗೆ ಬಿಡುವುದಿಲ್ಲ. ಕರು ಸಾಯುತ್ತದೆ. ಕರುವಿಲ್ಲದೆ ತಾಯಿ ಹಾಲಿಳಿಸುವುದಿಲ್ಲ. ಹಿಂದೆ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಎದುರಿಗಿಡುತ್ತಿದ್ದರು. ಆ ಮೋಸದ ಜಾಗಕ್ಕೆ ಈಗ ಸೂಜಿ ಬಂದಿದೆ, ಅಷ್ಟೆ.

ಸೂಜಿ ಇರುವ ಹಾಲನ್ನು ಇಳಿಸೀತೇ ಹೊರತು ಹಸಿದ ಹಸುವಿನಲ್ಲಿ ಹಾಲು ಹುಟ್ಟಿಸಲಾರದು. ಹಾಲು ಹುಟ್ಟುವುದು ಆರೈಕೆಯಿಂದ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಹೊತ್ತುಹೊತ್ತಿಗೆ ನೀರಿಡದೆ ಹಾಲು ಕೇಳಿದರೆ ಅದೆಲ್ಲಿಂದ ತಂದೀತು? ಹಸಿಮೇವು, ಹಿಂಡಿ, ಒಣನೆಲ ಬೇಕು. ಮುಂದಿನ ಕರು ಹಾಕುವ ಮುನ್ನ ಎರಡು ತಿಂಗಳು ಕರೆಯುವುದನ್ನು ನಿಲ್ಲಿಸಿ ಕೆಚ್ಚಲಿಗೆ ವಿಶ್ರಾಂತಿ ಕೊಡಬೇಕು. ಬೈದು ಹೊಡೆದು ಕರೆಯಲು ಕುಳಿತರೆ ಹೆದರಿಕೆಯಲ್ಲಿ ಅಡ್ರಿನಾಲಿನ್ ಉಕ್ಕಿ ಹಾಲು ಕಟ್ಟಿಕೊಳ್ಳುತ್ತದೆ. ಪರಿಚಯದ ಕೈ, ಬಕೆಟ್ಟಿನ ಸದ್ದು, ಹಿಂಡಿಯ ವಾಸನೆ ಇವಿಷ್ಟೇ ಸಾಕು, ರೂಢಿಯಾದ ಹಸು ಕರುವಿಲ್ಲದೆಯೂ ಹಾಲಿಳಿಸುತ್ತದೆ.

ಈ ಆರೈಕೆ ಮಾಡುವವರು ಯಾರು? ನಸುಕಿಗೇ ಎದ್ದು ಸಗಣಿ ಬಾಚುವ ಹೆಂಗಸರು. ಡೇರಿಯ ಪಾಸ್‌ಬುಕ್ ಮಾತ್ರ ಎಷ್ಟೋ ಮನೆಗಳಲ್ಲಿ ಯಜಮಾನರ ಹೆಸರಿನಲ್ಲಿ! ಸೀರೆಯಂಗಡಿಯಲ್ಲಿ ಕೇಳಿದಷ್ಟು ಕೊಟ್ಟುಬರುವ ನಾವು ಹಾಲಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಸರಿಯಾದ ಬೆಲೆ ಸಿಗದಿದ್ದರೆ ಅವಳು ಹಿಂಡಿ ಎಲ್ಲಿಂದ ತಂದಾಳು, ಕರುವಿಗೆ ಹಾಲೆಲ್ಲಿಂದ ಬಿಟ್ಟಾಳು?

ಹತ್ತಿರದ ಕೊಟ್ಟಿಗೆಯಿಂದ ಹಾಲು ಕೊಳ್ಳುವವರು ಒಮ್ಮೆ ಅಲ್ಲಿಗೆ ಹೋಗಿ ನೋಡಿ. ನೀರಿನ ತೊಟ್ಟಿ ತುಂಬಿದೆಯೇ? ಕರು ಎಲ್ಲಿ? ಗೋಡೆಯ ಗೂಡಿನಲ್ಲಿ ಸಿರಿಂಜು ಕಂಡರೆ ಕೇಳಿ, ಗಟ್ಟಿಯಾಗಿಯೇ ಕೇಳಿ. ಹೆತ್ತ ನಮಗಲ್ಲದೆ ಮತ್ತಾರಿಗಿದೆ ಆ ಮೂಕತಾಯಿಯ ಪರವಾಗಿ ಕೇಳುವ ಹಕ್ಕು?