ಬೆಳ್ಳಿ ಫಿಲ್ಲಿಂಗ್‌ಗೆ 2034ರ ಗಡುವು: ನವಿ ಮುಂಬೈನ ದಂತ ವಿದ್ಯಾರ್ಥಿಗಳ ಕೈ ಈಗ ಏನು ಕಲಿಯಬೇಕು?

ಹುಳುಕು ಹಲ್ಲಿಗೆ ತುಂಬುವ ಅಮಾಲ್ಗಮ್‌ಗೆ ಕೊನೆಯ ದಿನಾಂಕ ನಿಗದಿಯಾಗಿದೆ. ಜಿನೀವಾದಲ್ಲಿ 2025ರ ನವೆಂಬರ್‌ನಲ್ಲಿ ನಡೆದ ಮಿನಮಾಟ ಒಪ್ಪಂದದ ಆರನೇ ಸಮ್ಮೇಳನದಲ್ಲಿ, 2034ರೊಳಗೆ ಇದರ ಬಳಕೆಯನ್ನು ಕೊನೆಗಾಣಿಸಲು ಸದಸ್ಯ ದೇಶಗಳು ಒಪ್ಪಿವೆ. ಭಾರತವೂ 2018ರಿಂದ ಈ ಒಪ್ಪಂದದ ಸದಸ್ಯ ದೇಶ. ಜನ 'ಬೆಳ್ಳಿ ಫಿಲ್ಲಿಂಗ್' ಎಂದು ಕರೆಯುವುದು ಇದನ್ನೇ. ಹೆಸರಿಗೆ ಬೆಳ್ಳಿ, ತೂಕದಲ್ಲಿ ಸುಮಾರು ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ.

ಒಂಬತ್ತು ವರ್ಷ ದೂರದ ಮಾತು ಎನ್ನಿಸಬಹುದು. ದಂತ ವೈದ್ಯಕೀಯ ಓದುವವರಿಗೆ ಅದು ಹಾಗಲ್ಲ. 2025ರಲ್ಲಿ ಬಿಡಿಎಸ್ ಸೇರಿದ ವಿದ್ಯಾರ್ಥಿಗೆ ನಾಲ್ಕು ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಯುವಾಗ 2030 ಬಂದಿರುತ್ತದೆ. ಕ್ಲಿನಿಕ್‌ಗೆ ಬೋರ್ಡ್ ಹಾಕಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ಕಾಲೇಜಿನಲ್ಲಿ ಬೆವರು ಸುರಿಸಿ ಕಲಿತ ಒಂದು ಕಸುಬು ಬಳಕೆಯಿಂದಲೇ ಹೊರಗೆ ಹೋಗಿರುತ್ತದೆ.

ಈ ಬದಲಾವಣೆಯ ಬಿಸಿ ನವಿ ಮುಂಬೈಗೆ ಹೆಚ್ಚೇ ತಟ್ಟುತ್ತದೆ. ನೆರೂಳದಲ್ಲಿ ಡಿ.ವೈ. ಪಾಟೀಲ್ ಮತ್ತು ತೇರ್ಣಾ, ಬೇಲಾಪುರದಲ್ಲಿ ಭಾರತಿ ವಿದ್ಯಾಪೀಠ, ಖಾರ್ಘರ್‌ನಲ್ಲಿ ವೈಎಂಟಿ, ಕಾಮೋಠೆಯಲ್ಲಿ ಎಂಜಿಎಂ: ಹಾರ್ಬರ್ ಲೈನಿನ ಕೆಲವೇ ನಿಲ್ದಾಣಗಳ ಅಂತರದಲ್ಲಿ ಐದು ದಂತ ಕಾಲೇಜುಗಳಿವೆ, ಐದೂ ಖಾಸಗಿ. ಸರ್ಕಾರಿ ದಂತ ಕಾಲೇಜು ಬೇಕೆಂದರೆ ಮುಂಬೈನ ಸೇಂಟ್ ಜಾರ್ಜ್ ಆಸ್ಪತ್ರೆ ಆವರಣಕ್ಕೆ ಹೋಗಬೇಕು, ಪಾಲಿಕೆಯದು ಬೇಕೆಂದರೆ ಮುಂಬೈ ಸೆಂಟ್ರಲ್ ಬಳಿಯ ನಾಯರ್‌ಗೆ. ಕಲ್ಯಾಣ, ಡೊಂಬಿವಲಿಯ ವಿದ್ಯಾರ್ಥಿಗಳು ಠಾಣೆಯಲ್ಲಿ ಇಳಿದು ಟ್ರಾನ್ಸ್-ಹಾರ್ಬರ್ ರೈಲು ಹಿಡಿಯುತ್ತಾರೆ. ಉಡುಪಿ, ಮಂಗಳೂರು ಕಡೆಯಿಂದ ಬಂದು ಹೋಟೆಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದು ಇಲ್ಲೇ ನೆಲೆನಿಂತ ಕನ್ನಡ ಮತ್ತು ತುಳು ಕುಟುಂಬಗಳ ಮಕ್ಕಳಿಗೂ ಇದೇ ದಾರಿ.

ಎರಡು ಕಸುಬು, ಎರಡು ಬಗೆಯ ಕೈ

ಬಿಡಿಎಸ್ ಎರಡನೇ ವರ್ಷದಲ್ಲಿ ವಿದ್ಯಾರ್ಥಿ 'ಕನ್ಸರ್ವೇಟಿವ್ ಡೆಂಟಿಸ್ಟ್ರಿ'ಯ ಪ್ರೀ-ಕ್ಲಿನಿಕಲ್ ಲ್ಯಾಬ್‌ಗೆ ಕಾಲಿಡುತ್ತಾನೆ. ಮೊದಲು ದೊಡ್ಡ ಗಾತ್ರದ ಪ್ಲಾಸ್ಟರ್ ಹಲ್ಲು, ಆಮೇಲೆ ಫ್ಯಾಂಟಮ್ ಹೆಡ್ ಎಂಬ ಕೃತಕ ತಲೆಯ ಬಾಯಲ್ಲಿ ಕೂರಿಸಿದ ಪ್ಲಾಸ್ಟಿಕ್ ಹಲ್ಲು, ಜೊತೆಗೆ ಕಿತ್ತ ನಿಜವಾದ ಹಲ್ಲುಗಳು. ಅಲ್ಲಿ ಕಲಿಸುವ ವ್ಯಾಕರಣ ಅಮೆರಿಕದ ಜಿ.ವಿ. ಬ್ಲ್ಯಾಕ್ ಅವರದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಹುಳುಕಿನ ಕುಳಿಗಳನ್ನು ವರ್ಗಗಳಾಗಿ ವಿಂಗಡಿಸಿದವರು ಅವರೇ.

ಬ್ಲ್ಯಾಕ್ ಅವರ ವಿಧಾನ ಅಮಾಲ್ಗಮ್‌ನಂತಹ ಲೋಹಗಳಿಗೆ ಹೊಂದುವಂಥದ್ದು. ಈ ಮಿಶ್ರಣ ಹಲ್ಲಿಗೆ ಅಂಟುವುದಿಲ್ಲ, ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ. ಹಾಗಾಗಿ ಕುಳಿಯ ಬಾಯಿಗಿಂತ ಒಳಭಾಗ ತುಸು ಅಗಲವಿರಬೇಕು, ತಳ ಸಮವಾಗಿರಬೇಕು, ಒಂದೂವರೆಯಿಂದ ಎರಡು ಮಿಲಿಮೀಟರ್ ಆಳವಾದರೂ ಬೇಕು. ಇಲ್ಲದಿದ್ದರೆ ಅಗಿಯುವ ಒತ್ತಡಕ್ಕೆ ಫಿಲ್ಲಿಂಗ್ ಮುರಿಯುತ್ತದೆ. ಇದಕ್ಕಾಗಿ ಹುಳುಕಿಲ್ಲದ ಗಟ್ಟಿ ಹಲ್ಲನ್ನೂ ಸ್ವಲ್ಪ ಕೊರೆಯಬೇಕಾಗುತ್ತದೆ. ಬಳಿಕ ಮಿಶ್ರಣವನ್ನು ಒತ್ತಿ ತುಂಬಿ, ಗಟ್ಟಿಯಾಗುವ ಮುನ್ನ ಹಲ್ಲಿನ ಆಕಾರಕ್ಕೆ ಕೆತ್ತಿ, ಮರುದಿನ ಪಾಲಿಶ್ ಮಾಡಬೇಕು. ಗಾಜಿನ ಪುಟ್ಟ ಒರಳಲ್ಲಿ ಪಾದರಸ ಅರೆದು, ಬಟ್ಟೆಯಲ್ಲಿ ಹಿಂಡಿ ತುಂಬುತ್ತಿದ್ದ ಕಾಲವನ್ನು ಹಿರಿಯ ದಂತ ವೈದ್ಯರು ಈಗಲೂ ನೆನೆಯುತ್ತಾರೆ.

ಹಲ್ಲಿನ ಬಣ್ಣದ ಕಾಂಪೋಸಿಟ್‌ನ ಲೆಕ್ಕವೇ ಬೇರೆ. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎನಾಮಲ್ ಮೇಲೆ ಆಮ್ಲ ಹಚ್ಚಿದರೆ ರಾಳ ಅಂಟುತ್ತದೆ ಎಂದು ತೋರಿಸಿದರು. ಮುಂದಿನ ದಶಕದಲ್ಲಿ ರಾಫೆಲ್ ಬೋವೆನ್ ಅವರ ರಾಳ ಬಂತು. ಅಂಟುವ ವಸ್ತುವಿಗೆ ಗಟ್ಟಿ ಹಲ್ಲನ್ನು ಕೊರೆಯುವ ಅಗತ್ಯವಿಲ್ಲ, ಹುಳುಕಷ್ಟೇ ತೆಗೆದರೆ ಸಾಕು. ಆದರೆ ಆಮ್ಲ ಹಚ್ಚಿ, ತೊಳೆದು, ಹದವಾಗಿ ಒಣಗಿಸಿ, ಬಾಂಡಿಂಗ್ ದ್ರವ ಸವರಿ, ಸುಮಾರು ಎರಡು ಮಿಲಿಮೀಟರ್‌ನ ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ನೀಲಿ ಬೆಳಕು ಹಾಯಿಸಬೇಕು. ನಡುವೆ ಎಂಜಲು ತಗುಲಿದರೆ ಅಂಟು ಕೆಡುತ್ತದೆ. ಫಿಲ್ಲಿಂಗ್ ಆ ದಿನ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಅಂಚಿನಲ್ಲಿ ಮತ್ತೆ ಹುಳುಕು ಶುರುವಾಗುತ್ತದೆ.

ಎಂಜಲು ತಡೆಯಲು ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಡ್ಯಾಮ್ ಎಂಬ ಹಾಳೆ 1864ರಲ್ಲೇ ಬಂದಿದೆ. ಕೆಳದವಡೆಯ ಕೊನೆಯ ಹಲ್ಲಿಗೆ ಅದನ್ನು ಕೂರಿಸುವುದು ತಾಳ್ಮೆಯ ಕೆಲಸ. ಎರಡು ಹಲ್ಲುಗಳ ನಡುವಿನ ಕುಳಿಯಂತೂ ಇನ್ನೂ ಕಷ್ಟ. ಪಕ್ಕದ ಹಲ್ಲಿಗೆ ಸರಿಯಾಗಿ ತಾಗುವಂತೆ ತುಂಬದಿದ್ದರೆ ಪ್ರತಿ ಊಟದಲ್ಲೂ ಅಲ್ಲಿ ಆಹಾರ ಸಿಕ್ಕಿಕೊಳ್ಳುತ್ತದೆ.

ನಷ್ಟ ಯಾರಿಗೆ?

ಅಮಾಲ್ಗಮ್ ತೊಲಗಿದರೆ ಸಂಭ್ರಮಿಸಲು ಕಾರಣಗಳಿವೆ ನಿಜ. ಆದರೆ ಹಿಂದಿನ ಹಲ್ಲುಗಳ ಫಿಲ್ಲಿಂಗ್‌ಗಳನ್ನು ಹೋಲಿಸಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಬೇರೆ ಚಿತ್ರ ಕೊಡುತ್ತದೆ. ಅದರ ಪ್ರಕಾರ ಕಾಂಪೋಸಿಟ್ ವಿಫಲವಾಗುವ ಸಾಧ್ಯತೆ ಅಮಾಲ್ಗಮ್‌ಗಿಂತ ಬಹುತೇಕ ದುಪ್ಪಟ್ಟು. ಆ ಅಧ್ಯಯನಗಳಲ್ಲಿ ಬಳಸಿದ್ದು ಹಳೆಯ ಕಾಂಪೋಸಿಟ್‌ಗಳು ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಆದರೂ ಕೆಲಸ ಗೊತ್ತಿಲ್ಲದ ಕೈಯಲ್ಲಿ ಹೊಸ ಕಾಂಪೋಸಿಟ್ ಕೂಡ ಬಾಳದು.

ದಂತ ಕಾಲೇಜಿನ ಕುರ್ಚಿಯಲ್ಲಿ ಕೂರುವವರು ಖಾಸಗಿ ಕ್ಲಿನಿಕ್‌ನ ದರ ಭರಿಸಲಾಗದವರು: ಮನೆಗೆಲಸದವರು, ಆಟೊ ಚಾಲಕರು, ಕಟ್ಟಡ ಕಾರ್ಮಿಕರು. ಅರ್ಧ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಅವರಿಗೆ ಅಮಾಲ್ಗಮ್ ಅಗ್ಗ ಮತ್ತು ಬಾಳಿಕೆಯದು; ಸ್ವಲ್ಪ ತೇವವಿದ್ದರೂ ಸಹಿಸಿಕೊಳ್ಳುವಂಥದ್ದು. ಅದು ಹೋಗಿ, ಕಾಂಪೋಸಿಟ್ ಕೈಗೆಟುಕದಿದ್ದರೆ ಉಳಿಯುವ ದಾರಿ ಹಲ್ಲು ಕೀಳಿಸಿಕೊಳ್ಳುವುದು. ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆಗಳಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳಿದೆ. ಬೆಲೆ ಮತ್ತು ಸಮಯದ ಪ್ರಶ್ನೆ ಅವರಲ್ಲಿ ಬಹುಪಾಲು ಜನರದು.

ನಡುವಿನ ದಾರಿಯೂ ಒಂದಿದೆ, ಅದರ ಬಗ್ಗೆ ಮಾತು ಮಾತ್ರ ಕಡಿಮೆ. 1970ರ ದಶಕದ ಆರಂಭದಲ್ಲಿ ವಿಲ್ಸನ್ ಮತ್ತು ಕೆಂಟ್ ರೂಪಿಸಿದ ಗ್ಲಾಸ್ ಅಯೊನೊಮರ್ ಸಿಮೆಂಟ್ ಹಲ್ಲಿಗೆ ತಾನಾಗಿಯೇ ಅಂಟಿಕೊಳ್ಳುತ್ತದೆ, ಫ್ಲೋರೈಡ್ ಬಿಡುಗಡೆ ಮಾಡುತ್ತದೆ. 80ರ ದಶಕದಲ್ಲಿ ತಾಂಜಾನಿಯಾದಲ್ಲಿ ವಿದ್ಯುತ್, ಡ್ರಿಲ್ ಇಲ್ಲದೆ ಕೈ ಉಪಕರಣದಿಂದಲೇ ಹುಳುಕು ತೆಗೆದು ತುಂಬುವ ಎಆರ್‌ಟಿ ವಿಧಾನ ಬೆಳೆದದ್ದು ಇಂಥ ಅಂಟುವ ವಸ್ತುಗಳನ್ನು ನಂಬಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ದೊಡ್ಡ ಕುಳಿಗಳಲ್ಲಿ, ಹೆಚ್ಚು ಒತ್ತಡ ಬೀಳುವ ಜಾಗದಲ್ಲಿ ಇದು ಸವೆಯುತ್ತದೆ ಎಂಬುದೇ ತೊಡಕು. ಎಲ್ಲಿ ಇದು ಸಾಕು, ಎಲ್ಲಿ ಕಾಂಪೋಸಿಟ್ ಬೇಕು, ಎಲ್ಲಿ ಏನೂ ಕೊರೆಯದೆ ಕಾಯಬಹುದು ಎಂದು ಅಳೆಯುವ ವಿವೇಕವನ್ನು ಕಲಿಸಲು ಇಂತಿಷ್ಟು ಫಿಲ್ಲಿಂಗ್ ಮಾಡಿ ಸಹಿ ಹಾಕಿಸಿಕೊಳ್ಳುವ ಕೋಟಾ ಪದ್ಧತಿಯಿಂದ ಸಾಧ್ಯವಿಲ್ಲ.

ಖಾಡಿಯ ನೆನಪು

ಇಷ್ಟು ಕಷ್ಟವಿದ್ದರೆ ಅಮಾಲ್ಗಮ್ ಬಿಡುವುದೇಕೆ? ಉತ್ತರ ರೋಗಿಯ ಬಾಯಿಗಿಂತ ಹೆಚ್ಚಾಗಿ ಚರಂಡಿಯಲ್ಲಿದೆ. ಅಮಾಲ್ಗಮ್ ಚೂರು ನೀರಿಗೆ ಸೇರಿ, ಪಾದರಸ ಮೀಥೈಲ್ ರೂಪಕ್ಕೆ ತಿರುಗಿ ಮೀನಿನ ಮೂಲಕ ಊಟದ ತಟ್ಟೆಗೆ ಮರಳಬಹುದು. ಈ ಅಪಾಯ ಠಾಣೆ ಪ್ರದೇಶಕ್ಕೆ ಹೊಸತಲ್ಲ. ಠಾಣೆ ಖಾಡಿಯ ಪಾದರಸದ ಬಗ್ಗೆ 1981ರಲ್ಲೇ ವೈಜ್ಞಾನಿಕ ಪ್ರಬಂಧ ಪ್ರಕಟವಾಗಿದೆ. ಕಲ್ಯಾಣದ ಪಕ್ಕ ಹರಿಯುವ ಉಲ್ಹಾಸ್ ನದಿಯ ಅಳಿವೆಯಲ್ಲೂ ಕ್ಲೋರ್-ಆಲ್ಕಲಿ ಕಾರ್ಖಾನೆಗಳ ಪಾದರಸ ದಾಖಲಾಗಿದೆ. ಆ ಉದ್ಯಮ ನಂತರ ಪಾದರಸವಿಲ್ಲದ ಮೆಂಬ್ರೇನ್ ತಂತ್ರಜ್ಞಾನಕ್ಕೆ ಹೊರಳಿತು. ಅದೇ ಠಾಣೆ ಖಾಡಿಗೆ 2022ರಲ್ಲಿ ರಾಮ್‌ಸರ್ ಮಾನ್ಯತೆ ಬಂದಿದೆ.

ಬಾಯಲ್ಲಿ ಈಗಾಗಲೇ ಬೆಳ್ಳಿ ಫಿಲ್ಲಿಂಗ್ ಇರುವವರು ಗಾಬರಿಯಾಗಬೇಕಿಲ್ಲ. ಗಟ್ಟಿಯಾಗಿರುವ ಫಿಲ್ಲಿಂಗ್ ಕೀಳಿಸುವುದರಿಂದಲೇ ಪಾದರಸದ ಆವಿ ಹೆಚ್ಚು ಬರುತ್ತದೆ. ಅನಗತ್ಯವಾಗಿ ತೆಗೆಸಬೇಡಿ ಎಂದು ಅಮೆರಿಕದ ಎಫ್‌ಡಿಎ 2020ರಲ್ಲಿ ಸಲಹೆ ನೀಡಿದೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 15 ವರ್ಷದೊಳಗಿನ ಮಕ್ಕಳಿಗೆ ಹೊಸದಾಗಿ ಇದನ್ನು ತುಂಬದಂತೆ ತಡೆಯುವ ಕ್ರಮಗಳಿಗೆ ಮಿನಮಾಟ ಸದಸ್ಯ ದೇಶಗಳು 2022ರಲ್ಲೇ ಒಪ್ಪಿದ್ದವು. ಐರೋಪ್ಯ ಒಕ್ಕೂಟ 2025ರ ಜನವರಿ 1ರಿಂದಲೇ ಬಾಗಿಲು ಮುಚ್ಚಿದೆ.

ಭಾರತದಲ್ಲಿ ಪಠ್ಯಕ್ರಮ ಬದಲಿಸುವ ಹೊಣೆ ಯಾರದು ಎಂಬುದರ ಚೌಕಟ್ಟೇ ಬದಲಾಗುತ್ತಿದೆ. 1948ರ ದಂತ ವೈದ್ಯರ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ಅಂತಿಮ ವರ್ಷಕ್ಕೆ ದೇಶಕ್ಕೆಲ್ಲ ಒಂದೇ ನಿರ್ಗಮನ ಪರೀಕ್ಷೆಯ ಪ್ರಸ್ತಾವವಿದೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಪರೀಕ್ಷೆಯಾದರೆ ಬೋವೆನ್ ಹೆಸರು ಕೇಳಬಹುದು, ರಬ್ಬರ್ ಡ್ಯಾಮ್ ಕೂರಿಸುವ ಕೈಯನ್ನು ಅಳೆಯಲಾಗದು. ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ಮುಂಚೂಣಿಯಲ್ಲಿರುವ ಕರ್ನಾಟಕಕ್ಕೂ ಇದೇ ಚಿಂತೆ.

ಕಾಲೇಜುಗಳು ಆಯೋಗಕ್ಕಾಗಿ ಕಾಯದೆ ಮಾಡಬಹುದಾದ ಕೆಲಸಗಳಿವೆ. ಲ್ಯಾಬ್‌ನಲ್ಲಿ ಅಂಟುವ ಫಿಲ್ಲಿಂಗ್‌ಗೆ ಹೆಚ್ಚು ಗಂಟೆ ಕೊಡಬಹುದು. ವಿದ್ಯಾರ್ಥಿ ತುಂಬಿದ ಹಲ್ಲನ್ನು ವರ್ಷದ ಬಳಿಕ ಮತ್ತೆ ಕರೆಸಿ ನೋಡುವ ಏರ್ಪಾಟು ಮಾಡಬಹುದು. ಬಡ ರೋಗಿಗೆ ಕಾಂಪೋಸಿಟ್‌ನ ಖರ್ಚನ್ನು ಬೋಧನಾ ವೆಚ್ಚದಲ್ಲೇ ಸೇರಿಸಬಹುದು. ಮೂರನೆಯದು ಶುಲ್ಕದ ಪ್ರಶ್ನೆ, ಹಾಗಾಗಿ ಎಲ್ಲಕ್ಕಿಂತ ಕೊನೆಗೆ ಆಗುವುದೂ ಅದೇ ಇರಬೇಕು.